ಹೆಸರು ಬ್ಯಾಡ್ರಿ, ಬಿ.ಪಿ. ಇತ್ತಾ ಹೇಳ್ರಿ

ತಾಯಿ ಕಾರ್ಡ್ ತುಂಬುವಾಗ ಕೇಳುವ ಪ್ರಶ್ನೆಗಳು ಎರಡು ನಿಮಿಷದಲ್ಲಿ ಮುಗಿಯುತ್ತವೆ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನನ್ನ ಗೆಳತಿಯ ಸರದಿ ಬಂದಾಗ ಹಾಗಾಗಲಿಲ್ಲ. ಒಂಬತ್ತು ವಾರದ ಬಸುರಿ, ಚೊಚ್ಚಲು. "ನೀವು ಹೊಟ್ಟೇಲಿದ್ದಾಗ ನಿಮ್ಮ ತಾಯಿಗೆ ಬಿ.ಪಿ. ಬಂದಿತ್ತಾ? ನಂಜು ಅಂತ ಏನಾದ್ರೂ ಹೇಳಿದ್ರಾ?" ಎಂದು ನರ್ಸ್ ಕೇಳಿದರು. ಪಕ್ಕದಲ್ಲಿ ಕೂತಿದ್ದ ಅವಳ ಅಮ್ಮ ಸೆರಗು ಸರಿಮಾಡಿಕೊಂಡು, "ಇಲ್ಲಮ್ಮ, ನಂಗ್ಯಾವ ಬಿ.ಪಿ.ನೂ ಇಲ್ಲ" ಅಂದರು.

ಅದು ನಿಜವೇ. ಅವರಿಗೆ ಬಿ.ಪಿ. ಇಲ್ಲ. ಆದರೆ ಗೆಳತಿ ಅವರ ಹೊಟ್ಟೆಯಲ್ಲಿ ಇರಲಿಲ್ಲ. 1993ರಲ್ಲಿ ಐದು ತಿಂಗಳ ಕೂಸಾಗಿದ್ದಾಗ ಅವಳನ್ನು ದತ್ತು ತಂದಿದ್ದರು. ಮನೆಯಲ್ಲಿ ಇದು ಗುಟ್ಟೇನಲ್ಲ. ಸ್ಕೂಲಿಗೆ ಹೋಗುವ ಹೊತ್ತಿಗೇ ಅವಳಿಗೆ ಹೇಳಿದ್ದರು. ಆದರೂ ಮೂವತ್ತು ವರ್ಷದ ರೂಢಿ, ಬಾಯಿಗೆ ಬಂದಿದ್ದು "ಇಲ್ಲ". ನರ್ಸ್ ಅದನ್ನೇ ಬರೆದುಕೊಂಡರು.

ನಾನು ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅವಳು ಆ ಕಾರ್ಡ್ ತೋರಿಸಿದಾಗ ಆ ಒಂದು ಪದ ನನ್ನನ್ನು ತುಂಬಾ ಕಾಡಿತು. "ಇಲ್ಲ" ಬೇರೆ, "ಗೊತ್ತಿಲ್ಲ" ಬೇರೆ. "ಗೊತ್ತಿಲ್ಲ" ಎಂದು ಬರೆದಿದ್ದರೆ ಡಾಕ್ಟರ್ ಒಂದು ಕಣ್ಣಿಟ್ಟಿರುತ್ತಾರೆ. "ಇಲ್ಲ" ಎಂದು ಕಂಡರೆ ಮುಂದಿನ ಸಾಲಿಗೆ ಹೋಗುತ್ತಾರೆ.

ಬಸುರಿ ನಂಜು ಎಂದರೆ ಏನು? ಇಪ್ಪತ್ತು ವಾರ ಕಳೆದ ಮೇಲೆ ಬಿ.ಪಿ. ಏರುತ್ತದೆ, ಎಷ್ಟೋ ಸಲ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಜಾಸ್ತಿಯಾದರೆ ಫಿಟ್ಸ್ ಬರುತ್ತದೆ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಕಾಣಿಸಿಕೊಳ್ಳುವುದು ಇಪ್ಪತ್ತು ವಾರದ ನಂತರ ಇರಬಹುದು, ಆದರೆ ಬೀಜ ಬಿದ್ದಿರುವುದು ಎಷ್ಟೋ ಮೊದಲು. ತಾಯಿಯ ರಕ್ತದಿಂದ ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಮಾಸು ಗರ್ಭಕೋಶದ ಗೋಡೆಯಲ್ಲಿ ಬೇರು ಬಿಡುವಾಗ, ತಾಯಿಯ ರಕ್ತನಾಳಗಳು ಅಗಲವಾಗಿ ಬಿಚ್ಚಿಕೊಳ್ಳಬೇಕು. ಹೊಲಕ್ಕೆ ನೀರು ಬಿಡುವ ಮುಂಚೆ ಕಾಲುವೆ ಅಗಲ ಮಾಡಿದ ಹಾಗೆ. ಅದು ಸರಿಯಾಗಿ ಆಗದಿದ್ದರೆ ತೊಂದರೆ ಅಲ್ಲೇ ಶುರು.

ಈ ತೊಂದರೆ ವಂಶದಲ್ಲಿ ಹರಿದು ಬರುತ್ತದೆ ಎನ್ನುವುದಕ್ಕೆ ನಾರ್ವೆ ದೇಶ ಗಟ್ಟಿ ಪುರಾವೆ ಕೊಟ್ಟಿದೆ. ಅಲ್ಲಿ 1967ರಿಂದ ಪ್ರತಿ ಹೆರಿಗೆಯನ್ನೂ ಒಂದೇ ರಾಷ್ಟ್ರೀಯ ದಾಖಲೆಯಲ್ಲಿ ಬರೆದಿಡುತ್ತಾರೆ. ಆಗ ಹುಟ್ಟಿದ ಹೆಣ್ಣುಮಕ್ಕಳು ತಾವೇ ತಾಯಂದಿರಾದಾಗ ಎರಡು ತಲೆಮಾರಿನ ದಾಖಲೆ ಜೋಡಿಸಿ ನೋಡಿದರು. ತಾಯಿಗೆ ನಂಜಾಗಿದ್ದರೆ ಮಗಳಿಗೂ ಆಗುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ನಂಜಿನ ಬಸಿರಿನಲ್ಲಿ ಹುಟ್ಟಿದ ಗಂಡಸಿನ ಹೆಂಡತಿಗೂ ಸುಮಾರು ಒಂದೂವರೆ ಪಟ್ಟು. ಮಾಸು ಬೆಳೆಯುವುದು ಮಗುವಿನ ಜೀನ್‌ಗಳಿಂದ, ಅದರಲ್ಲಿ ಅರ್ಧ ಅಪ್ಪನದು. ಹಾಗಾಗಿ ದತ್ತು ಬಂದ ಗಂಡುಮಕ್ಕಳಿಗೂ ಈ ಪ್ರಶ್ನೆ ಸಂಬಂಧಿಸಿದ್ದೇ.

ಗೊತ್ತಾದರೆ ಏನು ಮಾಡಬಹುದು? ಇಲ್ಲೇ ಇರುವುದು ಆಸಕ್ತಿಯ ವಿಷಯ. ಅಪಾಯ ಜಾಸ್ತಿ ಇರುವವರಿಗೆ ಹದಿನಾರು ವಾರದೊಳಗೆ ಸಣ್ಣ ಡೋಸ್‌ನ ಆಸ್ಪಿರಿನ್ ಶುರು ಮಾಡುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಅಪಾಯ ಜಾಸ್ತಿ ಎಂದು ಗುರುತಿಸಿದ 1776 ಬಸುರಿಯರಿದ್ದರು. ಹೋಲಿಕೆಗೆಂದು ಔಷಧಿಯಿಲ್ಲದ ಬರೀ ಮಾತ್ರೆ ತಗೊಂಡವರಲ್ಲಿ ದಿನ ತುಂಬುವ ಮೊದಲೇ ನಂಜಿನಿಂದ ಹೆರಿಗೆ ಮಾಡಿಸಬೇಕಾದವರು ಶೇಕಡ 4.3. ಆಸ್ಪಿರಿನ್ ತಗೊಂಡವರಲ್ಲಿ ಅದು 1.6ಕ್ಕೆ ಇಳಿಯಿತು. ಅಗ್ಗದ, ಹಳೆಯ, ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವ ಮಾತ್ರೆ. (ತಾವಾಗಿಯೇ ಯಾರೂ ನುಂಗಬಾರದು, ಇದನ್ನು ತೀರ್ಮಾನಿಸಬೇಕಾದವರು ಡಾಕ್ಟರ್.) ಯಾರಿಗೆ ಕೊಡಬೇಕು ಎಂದು ಲೆಕ್ಕ ಹಾಕುವಾಗ ಚೊಚ್ಚಲು ಒಂದು ಅಂಶ, ತಾಯಿಗೆ ಅಥವಾ ಅಕ್ಕತಂಗಿಗೆ ನಂಜಾಗಿದ್ದು ಇನ್ನೊಂದು, ಬಸುರಿ ತಾನೇ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಮತ್ತೊಂದು. ಇಂಥ ಒಂದಕ್ಕಿಂತ ಹೆಚ್ಚು ಅಂಶ ಸೇರಿದರೆ ಮಾತ್ರೆಯ ಯೋಚನೆ ಬರುತ್ತದೆ. ಗೆಳತಿಗೆ ಚೊಚ್ಚಲು ಎನ್ನುವುದು ಗೊತ್ತಿತ್ತು. ಉಳಿದ ಎರಡೂ ಯಾವುದೋ ಹಳೆಯ ಕಡತದಲ್ಲಿದ್ದವು. ಏಳು ವಾರ ಸಮಯವಿತ್ತು.

ಹೆರಿಗೆಯಾದ ಆಸ್ಪತ್ರೆಯನ್ನು ಮೊದಲು ಕೇಳಿದೆವು. ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು, ಅವಳದು ಮೂವತ್ತು ದಾಟಿತ್ತು. ಜನನ ಪ್ರಮಾಣಪತ್ರದಲ್ಲಿ ದತ್ತು ತಗೊಂಡ ಅಪ್ಪ ಅಮ್ಮನ ಹೆಸರಿದೆ, ಅದು ಹಾಗೆಯೇ ಇರಬೇಕು, ಆದರೆ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೊನೆಗೆ ಅಮ್ಮನೇ ಟ್ರಂಕ್‌ನ ತಳದಿಂದ ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಅದರಲ್ಲಿ ದತ್ತು ಕೊಟ್ಟ ಸಂಸ್ಥೆಯ ಕಾಗದವಿತ್ತು, ವಿಳಾಸ ಚಿತ್ರದುರ್ಗದ್ದು. ಈಗಿನ ಮಕ್ಕಳಿಗೆ ಇದು ವಿಚಿತ್ರ ಅನಿಸಬಹುದು. ದಾವಣಗೆರೆ ಜಿಲ್ಲೆಯಾಗಿದ್ದು 1997ರ ಆಗಸ್ಟ್ 15ರಂದು. ಅವಳು ಹುಟ್ಟಿದಾಗ ಅದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಆ ಕಾಲದಲ್ಲಿ ಇಲ್ಲಿ ಹುಟ್ಟಿ ದತ್ತು ಹೋದವರು ತಮ್ಮ ಕಾಗದ ಹುಡುಕುವಾಗ ಎರಡೂ ಊರಿನಲ್ಲಿ ಕೇಳಬೇಕು.

ಭರಮಸಾಗರ ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವವರೆಗೂ ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಆಮೇಲೆ "ನಂಗೆ ಅವರನ್ನ ನೋಡ್ಬೇಕು ಅಂತ ಇಲ್ಲ ಕಣೆ. ಅವರಿಗೆ ಏನಾಗಿತ್ತು ಅಂತ ತಿಳಿದ್ರೆ ಸಾಕು" ಅಂದಳು.

ದತ್ತು ನಿಯಮಗಳಲ್ಲಿ ಇದಕ್ಕೆ ದಾರಿಯಿದೆ. 2022ರ ನಿಯಮಗಳ ಪ್ರಕಾರ ಹದಿನೆಂಟು ತುಂಬಿದವರು ತಮ್ಮ ಮೂಲ ಹುಡುಕಲು ತಾವೇ ಅರ್ಜಿ ಹಾಕಬಹುದು, ಚಿಕ್ಕವರು ತಂದೆತಾಯಿಯ ಜೊತೆ ಸೇರಿ ಹಾಕಬೇಕು. ಹೆತ್ತವರು ಮಗುವನ್ನು ಒಪ್ಪಿಸುವಾಗ ಗುರುತು ಹೇಳಬೇಡಿ ಎಂದು ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ, ಮಗುವನ್ನು ಯಾವ ಕಾರಣಕ್ಕೆ, ಯಾವ ಸಂದರ್ಭದಲ್ಲಿ ಒಪ್ಪಿಸಿದರು ಎನ್ನುವುದನ್ನಾದರೂ ತಿಳಿಸಬೇಕು. ಮೂರನೆಯವರು ಕೇಳುವಂತಿಲ್ಲ. ಅದಕ್ಕೇ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು.

"ಕೂಡ್ರಿ ಮೇಡಂ. ತಾಯಿ ಹೆಸರು ಮಾತ್ರ ಕೊಡಾಕಾಗಲ್ಲ, ಮೊದ್ಲೇ ಹೇಳ್ತೀನಿ" ಅಂದರು ಒಳಗಿದ್ದ ಹಿರಿಯರು.

"ಹೆಸರು ಬ್ಯಾಡ್ರಿ ಸರ್. ಅವರಿಗೆ ಬಿ.ಪಿ. ಇತ್ತಾ, ಅಷ್ಟು ಹೇಳ್ರಿ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಇಂಥ ಪ್ರಶ್ನೆ ಅವರಿಗೂ ಹೊಸದಿರಬೇಕು. ಅರ್ಜಿ ಬರೆಸಿಕೊಂಡು, ಹಳೆಯ ಕಡತ ಹುಡುಕಿಸಬೇಕು, ಮೇಲಿನವರನ್ನು ಕೇಳಬೇಕು, ತಿಳಿಸುತ್ತೇವೆ ಎಂದರು.

ಕಾಯುವ ದಿನಗಳಲ್ಲಿ ಕಾಲೇಜಿನ ಸಹೋದ್ಯೋಗಿಯೊಬ್ಬರು "ಡಿ.ಎನ್.ಎ. ಟೆಸ್ಟ್ ಮಾಡಿಸಿ, ಎಲ್ಲಾ ಗೊತ್ತಾಗುತ್ತೆ" ಎಂದರು. ಗೊತ್ತಾಗುವುದಿಲ್ಲ. ನಾವು ಹೊತ್ತಿರುವ ಕೆಲವು ಜೀನ್‌ಗಳನ್ನು ಅದು ತೋರಿಸಬಹುದು. ಹೆತ್ತವಳಿಗೆ ಬಸಿರಿನಲ್ಲಿ ಏನಾಯಿತು ಎಂದು ಎಂಜಲಿನ ಟೆಸ್ಟ್ ಹೇಳಲಾರದು. ಸಂಬಂಧಿಕರನ್ನು ಹುಡುಕುವ ಕಂಪನಿಗಳ ಬಳಿ ಇರುವುದು ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿ. ಮೇಲಾಗಿ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ನಮ್ಮ ಕಡೆ, ದೂರದ ನಂಟರೂ ಡಿ.ಎನ್.ಎ.ಯಲ್ಲಿ ಹತ್ತಿರದವರಂತೆ ಕಾಣುತ್ತಾರೆ.

ನನಗೆ ನೋವಾಗುವ ಮಾತೊಂದಿದೆ. ವಂಶದ ಪಾಲೆಷ್ಟು, ಬೆಳೆದ ಮನೆಯ ಪಾಲೆಷ್ಟು ಎನ್ನುವುದನ್ನು ವೈದ್ಯಶಾಸ್ತ್ರ ಕಲಿತಿದ್ದರಲ್ಲಿ ದತ್ತು ಹೋದವರ ದಾಖಲೆಗಳ ಪಾಲು ದೊಡ್ಡದು. 1988ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು 960 ದತ್ತು ಕುಟುಂಬಗಳನ್ನು ನೋಡಿದರು. ಹೆತ್ತವರು ಐವತ್ತರೊಳಗೆ ಕಾಯಿಲೆಯಿಂದ ತೀರಿಕೊಂಡಿದ್ದರೆ ಮಗುವೂ ಬೇಗ ಸಾಯುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು. ಸೋಂಕಿನಿಂದ ತೀರಿಕೊಂಡಿದ್ದರೆ, ಮಗು ಸೋಂಕಿನಿಂದ ಸಾಯುವ ಸಾಧ್ಯತೆ ಐದು ಪಟ್ಟಿಗೂ ಮೀರಿತ್ತು. ಕ್ಯಾನ್ಸರ್‌ನಲ್ಲಿ ಮಾತ್ರ ಲೆಕ್ಕ ತಿರುಗಿತು. ಅಲ್ಲಿ ಪ್ರಭಾವ ಕಂಡಿದ್ದು ಸಾಕಿದವರದ್ದು. ಅಂದರೆ ಸಾಕಿದ ಮನೆಯ ಕಾಯಿಲೆಗಳನ್ನೂ ಡಾಕ್ಟರಿಗೆ ಹೇಳಬೇಕು. ಒಂದೇ ಒಲೆಯ ಹೊಗೆ, ಒಂದೇ ಊಟ, ಅಲ್ವಾ? ಇಷ್ಟೆಲ್ಲ ಜಗತ್ತಿಗೆ ಹೇಳಿಕೊಟ್ಟ ಮಕ್ಕಳಲ್ಲಿ ಒಬ್ಬಳು ತನ್ನದೇ ಒಂದು ಹಾಳೆಗಾಗಿ ಬೆಂಚಿನ ಮೇಲೆ ಕಾಯಬೇಕು.

ಹದಿನಾಲ್ಕನೇ ವಾರ ಫೋನ್ ಬಂತು. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಗಂಟು, ಅಂಚು ಪುಡಿಯಾಗುತ್ತಿದ್ದ ಕಾಗದ. ಹೆಸರು, ಊರು ಇರುವ ಪುಟ ಬಿಟ್ಟು ಆರೋಗ್ಯದ ಪುಟವನ್ನಷ್ಟೇ ನಕಲು ಮಾಡಿ ಕೊಟ್ಟಿದ್ದರು. ನೀಲಿ ಇಂಕಿನಲ್ಲಿ ಮೂರು ಸಾಲು. ಹೆಣ್ಣು ಮಗು, ತೂಕ 1.9 ಕೆ.ಜಿ. ಎಂಟನೇ ತಿಂಗಳಲ್ಲಿ ಹೆರಿಗೆ. ತಾಯಿಗೆ ಬಿ.ಪಿ., ಕೈಕಾಲು ಊತ. ಅವಳು ತೂಕದ ಮೇಲೆ ಬೆರಳಿಟ್ಟು, "ಇಷ್ಟೇ ಇದ್ನಾ ನಾನು" ಅಂದಳು.

ಆ ತೂಕವೂ ಬರೀ ನೆನಪಿಗೆ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಜನರನ್ನು ಹುಡುಕಿ, ಹಳೆಯ ಹೆರಿಗೆ ದಾಖಲೆಯ ಜೊತೆ ಹೋಲಿಸಿದ ಅಧ್ಯಯನ 1996ರಲ್ಲಿ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ಕಾಯಿಲೆಯಿತ್ತು. ತೂಕ ಚೆನ್ನಾಗಿದ್ದವರಲ್ಲಿ ಶೇಕಡ 3 ಮಾತ್ರ. ನಲವತ್ತು ದಾಟಿದ ಮೇಲೆ ಅವಳು ಹೃದಯದ ತಪಾಸಣೆ ತಪ್ಪಿಸಬಾರದು ಎನ್ನುವುದಕ್ಕೆ ಆ ಒಂದು ಅಂಕಿ ಸಾಕು.

ಆ ಮೂರು ಸಾಲಿನಿಂದ ಹೆತ್ತವಳ ಗುಟ್ಟು ಎಲ್ಲೂ ಬಯಲಾಗಲಿಲ್ಲ. ಮಗು ಸಂಸ್ಥೆಗೆ ಬಂದ ದಿನವೇ ಆರೋಗ್ಯದ ಪುಟವನ್ನು ಹೆಸರಿಲ್ಲದೆ ಬೇರೆ ಮಾಡಿಟ್ಟು, ಹದಿನೆಂಟು ತುಂಬಿದಾಗ ಕೇಳದೆಯೇ ಕೈಗೆ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತೊಟ್ಟಿಲಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕ ಮಗುವಿನ ಕಡತದಲ್ಲಿ ತಾಯಿಯ ಬಗ್ಗೆ ಏನೂ ಇರುವುದಿಲ್ಲ, ಆದರೂ ಮೊದಲ ತಪಾಸಣೆಯ ತೂಕ ಇರುತ್ತದೆ. ಅದಾದರೂ ಅವರದ್ದೇ. ಇನ್ನು ತಂಗಿಯ ಮಗುವನ್ನು ಅಕ್ಕ ಸಾಕಿಕೊಂಡ ಮನೆಗಳಲ್ಲಿ ಕಡತವೇ ಬೇಡ, ದೊಡ್ಡವರು ಬಾಯಿ ಬಿಟ್ಟರೆ ಸಾಕು.

ಆ ವಾರವೇ ಡಾಕ್ಟರ್ ಆಸ್ಪಿರಿನ್ ಬರೆದುಕೊಟ್ಟರು, ರಾತ್ರಿ ಮಲಗುವಾಗ ಒಂದು. ಮುಂದಿನ ತಪಾಸಣೆಗೆ ಮೂವರೂ ಹೋದೆವು. ಅದೇ ನರ್ಸ್ ಇದ್ದರು. ಅಮ್ಮ ತಾಯಿ ಕಾರ್ಡನ್ನು ತಾವೇ ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲ ಅಂತ ಬರೆಸಿದ್ದು ನಾನೇ ಕಣಮ್ಮ. ಅದನ್ನ ಹೊಡೆದಾಕಿ ಇತ್ತು ಅಂತ ಬರಿ. ಇವಳನ್ನ ಹೆತ್ತವಳಿಗೆ ಇತ್ತು."