ಐರನ್ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ

"ಡಾಕ್ಟ್ರೇ, ಈ ಮಾತ್ರೆ ಕೆಲಸ ಮಾಡ್ತಿಲ್ಲ. ಜಾಸ್ತಿ ಪವರ್ ಇರೋದು ಬರೆದುಕೊಡಿ." ವಾರಕ್ಕೆ ನಾಲ್ಕು ಸಲವಾದರೂ ಈ ಮಾತು ಕೇಳುತ್ತೇನೆ. ಪೆನ್ನು ತೆಗೆಯುವ ಮೊದಲು ನನ್ನದೊಂದು ಪ್ರಶ್ನೆ ಇರುತ್ತದೆ: ಯಾವುದರ ಜೊತೆ ನುಂಗ್ತೀರಿ?

ಹೋದ ತಿಂಗಳು ಬಂದ ಹೆಂಗಸೊಬ್ಬರು ಪುಟ್ಟ ಸ್ಟೀಲ್ ಡಬ್ಬಿ ತೆರೆದು ತೋರಿಸಿದರು. ಕೆಂಪು ಐರನ್ ಮಾತ್ರೆ, ಉದ್ದನೆಯ ಕ್ಯಾಲ್ಸಿಯಂ ಮಾತ್ರೆ, ಥೈರಾಯ್ಡ್‌ನ ಚಿಕ್ಕ ಮಾತ್ರೆ. ಮರೆತುಹೋಗಬಾರದು ಅಂತ ಮೂರನ್ನೂ ಬೆಳಿಗ್ಗೆ ಒಂದೇ ಸಲ, ಒಂದು ಲೋಟ ಕಾಫಿ ಜೊತೆ! ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಹಿಮೋಗ್ಲೋಬಿನ್ ಮಾತ್ರ 8ರಿಂದ ಮೇಲೆದ್ದಿರಲಿಲ್ಲ. ಅಷ್ಟು ಶ್ರದ್ಧೆ ಸುಮ್ನೆ ಹಾಳಾಯಿತಲ್ಲ ಅಂತ ನನಗೆ ಸಂಕಟವಾಯಿತು.

ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣವನ್ನು ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗ. ಅಲ್ಲಿಗೆ ಅದು ಕರಗಿದ ರೂಪದಲ್ಲೇ ಹೋಗಬೇಕು. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡದ್ದು ಕರುಳಿನ ಗೋಡೆ ದಾಟದೆ ಮಲದಲ್ಲಿ ಹೊರಟುಹೋಗುತ್ತದೆ. ಕ್ಯಾಲ್ಸಿಯಂ ಜೊತೆಗಿದ್ದರೂ ಹೀರಿಕೆ ತಗ್ಗುತ್ತದೆ, ಹಾಲೂ ಅಷ್ಟೇ. ಇತ್ತ ಐರನ್, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಗೆ ಅಡ್ಡ ಬರುತ್ತವೆ. ನಡುವೆ ನಾಲ್ಕು ಗಂಟೆ ಅಂತರ ಬೇಕು.

ಇನ್ನು ಪವರ್ ವಿಷಯ. ಸರ್ಕಾರದ ಕೆಂಪು ಮಾತ್ರೆ 60 ಮಿಲಿಗ್ರಾಂ, ಅಂಗಡಿಯದು 200, ಅದಕ್ಕೇ ಅದು ಗಟ್ಟಿ ಅಂತ ಎಷ್ಟೋ ಜನ ನಂಬಿದ್ದಾರೆ. ಆ 60 ಬರೀ ಕಬ್ಬಿಣದ ತೂಕ. 200 ಅನ್ನುವುದು ಹಲವು ಸ್ಟ್ರಿಪ್‌ಗಳಲ್ಲಿ ಫೆರಸ್ ಫ್ಯೂಮರೇಟ್ ಎಂಬ ಇಡೀ ಲವಣದ ತೂಕ. ಅದರಲ್ಲಿ ಕಬ್ಬಿಣ ಇರುವುದು ಸುಮಾರು 65 ಮಿಲಿಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ, ಅಲ್ವಾ? ಹೊಟ್ಟೆಗೆ ಹಿತ ಎಂದು ದುಬಾರಿ ಬೆಲೆಗೆ ಮಾರುವ, ಫೆರಿಕ್ ಎಂಬ ಇನ್ನೊಂದು ರೂಪದ ಕಬ್ಬಿಣದ ಮಾತ್ರೆಗಳು ಸಾಮಾನ್ಯವಾಗಿ ಫೆರಸ್‌ನಷ್ಟು ಹೀರಿಕೆಯಾಗುವುದೂ ಇಲ್ಲ. ಫೆರಸ್ ನುಂಗಿದರೆ ತೀರಾ ಹೊಟ್ಟೆ ತೊಳೆಸುವವರಿಗೆ ಮಾತ್ರ ನಾನು ಬೇರೆಯದನ್ನು ಯೋಚಿಸುತ್ತೇನೆ.

ಕ್ಯಾಲ್ಸಿಯಂನಲ್ಲೂ ಹೀಗೇ. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲವಣದಲ್ಲಿ ಬರೀ ಕ್ಯಾಲ್ಸಿಯಂ 500. ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆ ತಗೊಳ್ಳಿ. ಆ ಆಮ್ಲವನ್ನು ತಗ್ಗಿಸುವ ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ನುಂಗುವವರು ಸಿಟ್ರೇಟ್ ಎಂಬ ಇನ್ನೊಂದು ಬಗೆಯ ಕ್ಯಾಲ್ಸಿಯಂ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಡಬ್ಬಿ ತಂದಿದ್ದ ಆ ಹೆಂಗಸಿಗೆ ಮಾತ್ರೆ ಬದಲಿಸಲಿಲ್ಲ, ಹೊತ್ತು ಬದಲಿಸಿದೆ. ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಬರೀ ನೀರಿನಲ್ಲಿ. ಒಂದು ಗಂಟೆ ಬಿಟ್ಟು ಕಾಫಿ. ಮಧ್ಯಾಹ್ನದ ಊಟಕ್ಕೆ ಕ್ಯಾಲ್ಸಿಯಂ. ಸಂಜೆ ಐದಕ್ಕೆ ನಿಂಬೆರಸ ಹಿಂಡಿದ ನೀರಿನಲ್ಲಿ ಐರನ್. ಸಂಜೆಯ ಕಾಫಿ ಏಳಕ್ಕೆ ಅಂದಾಗ ಅವರ ಮುಖ ಸಣ್ಣಗಾಯಿತು. "ಬೆಲ್ಲದ ಕಾಫಿ ಆದ್ರೆ ಪರವಾಗಿಲ್ವಾ?" ಎಂದರು. ಅದೂ ಬೇಡ ಎಂದೆ.

ತಿಂಗಳು ಬಿಟ್ಟು ರಕ್ತಪರೀಕ್ಷೆಗೆ ಬರಹೇಳಿದ್ದೇನೆ. ಆಗಲೂ ಏರದಿದ್ದರೆ ರಕ್ತ ಎಲ್ಲಾದರೂ ಸೋರುತ್ತಿದೆಯೇ, ವಿಟಮಿನ್ ಬಿ12 ಕಡಿಮೆಯಿದೆಯೇ ಎಂದು ಹುಡುಕಬೇಕು.