52ಎಕ್ಸ್ ದಾಟಲು ಸಿಡಿ ಡ್ರೈವ್ ಯಾಕೆ ಒದ್ದಾಡಿತು?

ದಾವಣಗೆರೆಯ ಫೋಟೋ ಸ್ಟುಡಿಯೋಗಳಲ್ಲಿ ಹಳೆ ಮದುವೆ ಸಿಡಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಸುವವರು ಈಗಲೂ ಸಿಗುತ್ತಾರೆ. ಡ್ರೈವ್ ಮೇಲೆ 52ಎಕ್ಸ್ ಅಂತ ಇರುತ್ತದೆ, ಕಾಪಿ ಮಾತ್ರ ಕುಂಟುತ್ತದೆ. ಹಾಗಾದರೆ ಆ 52 ಏನು?

1982ರಲ್ಲಿ ಹಾಡಿನ ಸಿಡಿ ಮಾರುಕಟ್ಟೆಗೆ ಬಂತು. ಹಾಡು ಏರುಪೇರಿಲ್ಲದೆ ಕೇಳಬೇಕಲ್ವಾ? ಅದಕ್ಕೇ ಸಿಡಿ ಮೇಲೆ ಸುರುಳಿಯಾಗಿ ಬರೆದಿರುವ ಮಾಹಿತಿಯ ಸಾಲು, ಅದನ್ನು ಓದುವ ಲೇಸರ್ ಎದುರು ಸೆಕೆಂಡಿಗೆ 1.2ರಿಂದ 1.4 ಮೀಟರ್ ಸರಿಯುವಂತೆ ಮಾಡಿದರು. ಒಳಸುತ್ತು ಚಿಕ್ಕದು, ಹೊರಸುತ್ತು ದೊಡ್ಡದು. ಹಾಗಾಗಿ ಒಳಗೆ ಓದುವಾಗ ಸಿಡಿ ನಿಮಿಷಕ್ಕೆ ಸುಮಾರು 500 ಸಲ ತಿರುಗುತ್ತದೆ, ಅಂಚಿನಲ್ಲಿ ಸುಮಾರು 200 ಸಲ. ಕಂಪ್ಯೂಟರ್ ಲೆಕ್ಕದಲ್ಲಿ ಇದು ಸೆಕೆಂಡಿಗೆ 150 ಕಿಲೋಬೈಟ್. ಅದೇ 1ಎಕ್ಸ್.

ತೊಂಬತ್ತರ ದಶಕದಲ್ಲಿ 2, 4, 8 ಅಂತ ಪೈಪೋಟಿ ಶುರುವಾಯಿತು. ಫೈಲ್ ಹುಡುಕುವಾಗಲೆಲ್ಲ ಮೋಟಾರ್ ವೇಗ ಏರಿಸಿ ಇಳಿಸಬೇಕಿತ್ತು, ಅದಕ್ಕೇ ಸಮಯ ಹೋಗುತ್ತಿತ್ತು. ಕೊನೆಗೆ ಮೋಟಾರನ್ನು ಒಂದೇ ವೇಗದಲ್ಲಿ ಓಡಲು ಬಿಟ್ಟರು. ಅಲ್ಲಿಂದಾಚೆಗೆ ಪೆಟ್ಟಿಗೆ ಮೇಲಿನ ಅಂಕಿ ಅಂಚಿನದ್ದು ಮಾತ್ರ. 52ಎಕ್ಸ್ ಡ್ರೈವ್ ಒಳಗಡೆ ಓದುವುದು 20ರ ಆಸುಪಾಸಿನಲ್ಲಿ. ಸಿಡಿ ತುಂಬುವುದೂ ಒಳಗಿನಿಂದಲೇ. ಅರ್ಧ ಮಾತ್ರ ತುಂಬಿದ ಸಿಡಿಯಲ್ಲಿ 52 ಬರುವುದೇ ಇಲ್ಲ! ಗೀರು ಬಿದ್ದಿದ್ದರೆ ಡ್ರೈವ್ ತಾನೇ ವೇಗ ಇಳಿಸಿ ಮತ್ತೆ ಮತ್ತೆ ಓದುತ್ತದೆ. ಒಳಗಿನ ವೇಗವನ್ನೂ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ದುಡ್ಡು ಕೊಟ್ಟವರಿಗೆ ಅಷ್ಟು ತಿಳಿಯುವ ಹಕ್ಕಿತ್ತು.

ಇನ್ನೂ ಜೋರಾಗಿ ತಿರುಗಿಸಬಹುದಿತ್ತಲ್ಲ? ಅಲ್ಲೇ ಪ್ಲಾಸ್ಟಿಕ್ ಅಡ್ಡ ಬಂತು. ನಿಮಿಷಕ್ಕೆ 10,000 ಸುತ್ತು ತಿರುಗುವಾಗ 12 ಸೆಂಟಿಮೀಟರ್ ಸಿಡಿಯ ಅಂಚು ಗಂಟೆಗೆ 220 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ನಡುವಿನ ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಹಿಗ್ಗಿ ಸಿಡಿ ಡ್ರೈವ್ ಒಳಗೇ ಚೂರಾಗಬಹುದು. ವಧೂವರರ ಫೋಟೋ ಸ್ಟಿಕ್ಕರ್ ಸ್ವಲ್ಪ ವಾರೆಯಾಗಿ ಅಂಟಿದ್ದರೂ ತೂಕ ಒಂದು ಕಡೆ ವಾಲಿ ಡ್ರೈವ್ ಗಡಗಡ ನಡುಗುತ್ತದೆ. ಸಾಲಿನಿಂದ ಸಾಲಿಗೆ ಇರುವ ಅಂತರ 1.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಆ ನಡುಕದಲ್ಲಿ ಲೇಸರ್ ಸಾಲು ಹಿಡಿಯುವುದು ಹೇಗೆ?

ಜಪಾನಿನ ಕೆನ್‌ವುಡ್ ಕಂಪನಿ ಏಳು ಲೇಸರ್ ಕಿರಣಗಳಲ್ಲಿ ಒಟ್ಟಿಗೇ ಏಳು ಸಾಲು ಓದಿಸಿ 72ಎಕ್ಸ್ ತಂದಿತು. ಜಾಣತನದ ದಾರಿ, ಆದರೆ ಉಳಿಯಲಿಲ್ಲ.

ಆಮೇಲೆ ಬಂದ ಡಿವಿಡಿ, ಬ್ಲೂರೇ ಡಿಸ್ಕ್‌ಗಳು ವೇಗ ಗಳಿಸಿದ್ದು ಸಾಲಿನೊಳಗಿನ ಗುರುತುಗಳನ್ನು ಚಿಕ್ಕದಾಗಿಸಿ ಒತ್ತೊತ್ತಾಗಿ ಜೋಡಿಸಿ. ಸಾಲುಗಳ ಅಂತರವೂ 0.74 ಮೈಕ್ರಾನ್‌ಗೆ, ಆಮೇಲೆ 0.32ಕ್ಕೆ ಇಳಿಯಿತು. ಡಿವಿಡಿಯ 1ಎಕ್ಸ್ ಅಂದರೆ ಸಿಡಿಯ ಸುಮಾರು ಒಂಬತ್ತು ಪಟ್ಟು, ಬ್ಲೂರೇಯದ್ದು ಸೆಕೆಂಡಿಗೆ 4.5 ಮೆಗಾಬೈಟ್. ಡಿವಿಡಿ 16ಎಕ್ಸ್ ಹೊತ್ತಿಗೆ, ಬ್ಲೂರೇ 12ಎಕ್ಸ್ ಹೊತ್ತಿಗೆ ಎರಡರ ಮೋಟಾರೂ ಅದೇ 10,000 ಸುತ್ತಿನ ಆಸುಪಾಸಿಗೆ ಬಂದವು.