ತುಳಸಿಯ ಪಕ್ಕದ ಸಾಲಿಗೆ ಯೂರಿಯಾ ಹಾಕಬಹುದಾ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮದೊಂದು ಬೆಟ್ಟುಗದ್ದೆ (ನೀರು ನಿಲ್ಲದ ಎತ್ತರದ ಗದ್ದೆ) ಇದೆ. ರಾಗಿಯ ಜೊತೆ ತುಳಸಿ, ನೆಲಬೇವು ಹಾಕೋಣ ಅಂತಿದ್ದೇವೆ. ರಾಗಿಗೆ ಯೂರಿಯಾ ಕೊಟ್ಟರೆ ಪಕ್ಕದ ಗಿಡದ ಔಷಧಿ ಗುಣ ಹೋಗುತ್ತಾ? ಬರೀ ಹಟ್ಟಿಗೊಬ್ಬರ ಸಾಕಾ?

ಯೂರಿಯಾ ತಾಗಿದ ಕೂಡಲೇ ಗುಣ ಹಾರಿಹೋಗುವುದಿಲ್ಲ. ಹಟ್ಟಿಗೊಬ್ಬರದ ಸಾರಜನಕವೂ ಮಣ್ಣಿನಲ್ಲಿ ಕರಗಿ ಅಮೋನಿಯಂ, ನೈಟ್ರೇಟ್ ಆಗಿಯೇ ಗಿಡಕ್ಕೆ ಸೇರುವುದು. ಅದು ಹಟ್ಟಿಯಿಂದ ಬಂತೋ ಚೀಲದಿಂದ ಬಂತೋ, ಬೇರಿಗೆ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಜಾಸ್ತಿ ಹಾಕುವುದರಲ್ಲಿ.

ನಾನೇ ಒಮ್ಮೆ ಹಾಗೆ ಮಾಡಿದ್ದೆ. ಎಂಟು ಸಾಲು ರಾಗಿಗೆ ಎರಡು ಸಾಲು ತುಳಸಿ ಇಟ್ಟು, ಯೂರಿಯಾವನ್ನು ಇಡೀ ಗದ್ದೆಗೆ ಸುಮ್ನೆ ಎರಚಿಬಿಟ್ಟೆ. ತುಳಸಿ ಎದೆಯೆತ್ತರ ಬಂತು, ಎಲೆಯೂ ಅಗಲ. ನೋಡಿದವರೆಲ್ಲ ಹೊಗಳಿದರು. ಒಂದು ಗಾಳಿಮಳೆಗೆ ಅರ್ಧ ಸಾಲು ಮಲಗಿತು. ಎಲೆ ತಿಕ್ಕಿ ಮೂಸಿದರೆ ಅಂಗಳದ ಕಟ್ಟೆಯ ತುಳಸಿಯ ಘಾಟು ಇರಲಿಲ್ಲ. ಸಾರಜನಕ ಹೆಚ್ಚಾದರೆ ಗಿಡ ಸೊಪ್ಪು ಬೆಳೆಸುವುದರಲ್ಲೇ ಮುಳುಗುತ್ತದೆ. ತೂಕ ಸಿಗುತ್ತದೆ, ಸತ್ವ ತೆಳುವಾಗಬಹುದು. ಬೇರಿಗಾಗಿ ಬೆಳೆಯುವ ಗಿಡವಾದರೆ ಇನ್ನೂ ಕಷ್ಟ, ಬೇರು ಸಣ್ಣದು, ತಲೆ ದೊಡ್ಡದು.

ಹಾಗಾದರೆ ಬರೀ ಹಟ್ಟಿಗೊಬ್ಬರ? ಲೆಕ್ಕ ಹಾಕಿ ನೋಡಿ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು, ಯೂರಿಯಾದಲ್ಲಿ ಶೇ. 46. ಅಂದರೆ 1 ಕೆ.ಜಿ. ಯೂರಿಯಾಕ್ಕೆ ಸುಮಾರು 90 ಕೆ.ಜಿ. ಗೊಬ್ಬರ ಸಮ. ಮಳೆ ನಂಬಿದ ರಾಗಿಗೆ ಎಕರೆಗೆ 20 ಕೆ.ಜಿ. ಸಾರಜನಕ ಬೇಕು. 3 ಟನ್ ಗೊಬ್ಬರದಲ್ಲಿ 15 ಕೆ.ಜಿ. ಇದೆ, ಆದರೆ ಮೊದಲ ಬೆಳೆಗೆ ಅದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಹಟ್ಟಿಯಲ್ಲಿ ಎರಡು ದನ ಇದ್ದವರಿಗೆ ಅಷ್ಟು ಗೊಬ್ಬರ ಎಲ್ಲಿಂದ, ಅಲ್ವಾ?

ಅದಕ್ಕೇ ನಾನು ಎರಡನ್ನೂ ಬಳಸುತ್ತೇನೆ, ಜಾಗ ಬೇರೆ ಮಾಡಿ. ಗೊಬ್ಬರ ಇಡೀ ಗದ್ದೆಗೆ. ಯೂರಿಯಾ ರಾಗಿ ಸಾಲಿನ ಬುಡಕ್ಕೆ ಮಾತ್ರ, ಎಕರೆಗೆ ಒಟ್ಟು 20 ಕೆ.ಜಿ. ಮೀರದಂತೆ, ಎರಡು ಕಂತಿನಲ್ಲಿ, ಮಳೆ ಬಿಟ್ಟ ದಿನ ನೋಡಿ. ನಮ್ಮ ಮಳೆಗೆ ಒಂದೇ ಸಲ ಹಾಕಿದ್ದು ಗದ್ದೆಗಿಂತ ತೋಡಿಗೇ ಜಾಸ್ತಿ ಹೋಗುತ್ತದೆ. ತುಳಸಿ, ನೆಲಬೇವಿನ ಸಾಲಿಗೆ ಗೊಬ್ಬರದ ಮೇಲೆ ಒಂದು ಹಿಡಿ ಸುಡುಮಣ್ಣು, ಅಂದರೆ ಸೊಪ್ಪು-ತರಗೆಲೆ ಜೊತೆ ಸುಟ್ಟ ಮಣ್ಣು. ಅದರ ಬೂದಿಯಲ್ಲಿ ಪೊಟ್ಯಾಶ್ ಇದೆ, ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಹುಳಿಯನ್ನೂ ಸ್ವಲ್ಪ ತಗ್ಗಿಸುತ್ತದೆ. ಹುಳಿಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹುಳಿಯಲ್ಲೇ ನಿಧಾನಕ್ಕೆ ಕರಗುವ ಶಿಲಾರಂಜಕ (ರಾಕ್ ಫಾಸ್ಫೇಟ್) ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಎಷ್ಟು ಎಂಬುದಕ್ಕೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ಹಸಿ ಸಗಣಿ ಮಾತ್ರ ಬೇಡ. ಎಲೆಯನ್ನು ಕಷಾಯಕ್ಕೆ ಹಾಕುವವರು, ಹಸಿಯಾಗಿ ಜಗಿಯುವವರು ಇದ್ದಾರೆ.

ಸಾವಯವ ಅಂತ ಪ್ರಮಾಣಪತ್ರ ಹಿಡಿದು ಮಾರುವ ಆಸೆ ಇದ್ದರೆ ಮೇಲಿನ ಯೂರಿಯಾ ಮಾತು ಮರೆತುಬಿಡಿ. ರಾಗಿ ಸಾಲಿಗೆ ಹಾಕಿದರೂ ಆ ಗದ್ದೆ ಸಾವಯವ ಅನ್ನಿಸಿಕೊಳ್ಳುವುದಿಲ್ಲ. ಕೊಳ್ಳುವವರು ಯಾರು ಅಂತ ಗಿಡ ನೆಡುವ ಮೊದಲೇ ಕೇಳಿಕೊಳ್ಳಿ. ಒಣಗಿಸಿದ ನೆಲಬೇವನ್ನು ಮೂಟೆ ಕಟ್ಟಿ ಅಟ್ಟದಲ್ಲಿ ಇಟ್ಟವರನ್ನು ನಾನು ನೋಡಿದ್ದೇನೆ.

ಇದೆಲ್ಲ ನೀರು ನಿಲ್ಲದ ಬೆಟ್ಟುಗದ್ದೆಯ ಮಾತು. ಏಣೆಲಿನ (ಮಳೆಗಾಲದ ಭತ್ತದ ಬೆಳೆಯ) ಬೈಲುಗದ್ದೆಯಲ್ಲಿ, ಅಂದರೆ ನೀರು ನಿಲ್ಲುವ ತಗ್ಗಿನ ಗದ್ದೆಯಲ್ಲಿ, ತುಳಸಿ ಕೊಳೆಯುತ್ತದೆ. ಅಲ್ಲಿ ನೀರು ಆರದ ಮೂಲೆಗೆ ಬಜೆ ಹಾಕಬಹುದು, ಅದಕ್ಕೆ ಕೆಸರೇ ಇಷ್ಟ. ಹುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ತಿಮರೆ, ಅಂದರೆ ಒಂದೆಲಗ, ತಾನಾಗಿಯೇ ಹಬ್ಬಿರುತ್ತದೆ. ಭತ್ತಕ್ಕೆ ಯೂರಿಯಾ ಎರಚುವ ದಿನ ಮನೆಯಲ್ಲಿ ಮೊದಲೇ ಹೇಳಿಬಿಡಿ, ಚಟ್ನಿಗೆ ಬೇಕಾದ್ದನ್ನು ಅದಕ್ಕೆ ಮುಂಚೆ ಕೊಯ್ದುಕೊಳ್ಳಲಿ.